ಕಾಲೇಜಿನಲ್ಲಿ 6-37, ಹೈಸ್ಕೂಲಿನಲ್ಲಿ 7 ಸಲ ರಾಜ್ಯ ಚಾಂಪಿಯನ್: ಟಾಡ್ ಡಾಡ್ಜ್ ಸೋತವರಾ, ಗೆದ್ದವರಾ?

ಕೊಪ್ಪೆಲ್ ಕನ್ನಡಿಗ

ಡಲ್ಲಾಸ್ ಕಡೆ ಇರುವವರು ಟಾಡ್ ಡಾಡ್ಜ್ ಹೆಸರು ಕೇಳಿಯೇ ಇರುತ್ತೀರಿ. ಕೇಳದವರಿಗೆ ಚುಟುಕಾಗಿ ಹೇಳುತ್ತೇನೆ. ಇದು ಅಮೆರಿಕನ್ ಫುಟ್‌ಬಾಲ್ ವಿಷಯ, ಸಾಕರ್ ಅಲ್ಲ. ಡಾಡ್ಜ್ 1980ರಲ್ಲಿ ಪೋರ್ಟ್ ಆರ್ಥರ್ ಊರಿನ ಥಾಮಸ್ ಜೆಫರ್ಸನ್ ಹೈಸ್ಕೂಲಿನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಹುಡುಗ. ಒಂದೇ ಸೀಸನ್‌ನಲ್ಲಿ 3,000 ಯಾರ್ಡ್‌ಗಿಂತ ಜಾಸ್ತಿ ಪಾಸ್ ಎಸೆದ ಟೆಕ್ಸಸ್‌ನ ಮೊದಲ ಹೈಸ್ಕೂಲ್ ಹುಡುಗ. ಆಮೇಲೆ ಆಸ್ಟಿನ್‌ನ ಟೆಕ್ಸಸ್ ಯೂನಿವರ್ಸಿಟಿಗೆ ಆಡಿದರು. ಅಲ್ಲಿಂದ ಕೋಚಿಂಗ್‌ಗೆ ಇಳಿದರು. ಸೌತ್‌ಲೇಕ್ ಕ್ಯಾರಲ್ ಹೈಸ್ಕೂಲಿನಲ್ಲಿ 2000ದಿಂದ 2006ರವರೆಗೆ 98 ಗೆಲುವು, 11 ಸೋಲು, 4 ರಾಜ್ಯ ಪ್ರಶಸ್ತಿ. ಅದನ್ನು ನೋಡಿ ಡೆಂಟನ್‌ನ ನಾರ್ತ್ ಟೆಕ್ಸಸ್ ಯೂನಿವರ್ಸಿಟಿಯವರು ಹೆಡ್ ಕೋಚ್ ಮಾಡಿದರು. ಅಲ್ಲಿ 6 ಗೆಲುವು, 37 ಸೋಲು. 2010ರ ಅಕ್ಟೋಬರ್‌ನಲ್ಲಿ, ಸೀಸನ್ ನಡುವೆಯೇ, ಕೆಲಸದಿಂದ ತೆಗೆದರು. ಮತ್ತೆ ಹೈಸ್ಕೂಲಿಗೆ ಬಂದು ಆಸ್ಟಿನ್ ವೆಸ್ಟ್‌ಲೇಕ್‌ನಲ್ಲಿ 2019, 2020, 2021 ಮೂರು ವರ್ಷವೂ ರಾಜ್ಯ ಪ್ರಶಸ್ತಿ.

ನಮ್ಮ ಭಾವನವರ ವಾದ ಏನೆಂದರೆ, ಕಾಲೇಜಿನಲ್ಲಿ ಆಗದೆ ಸ್ಕೂಲಿಗೆ ವಾಪಸ್ ಬಂದವರನ್ನು ದೊಡ್ಡ ಕೋಚ್ ಅನ್ನುವುದು ಹೇಗೆ ಅಂತ. ನನಗೆ ಈ ಮಾತು ಸ್ವಲ್ಪವೂ ಒಪ್ಪಿಗೆಯಿಲ್ಲ. ಆದರೆ ಸರಿಯಾದ ಉತ್ತರ ಕೊಡಲು ನನಗೆ ಆಟದ ಒಳಗುಟ್ಟು ಅಷ್ಟು ಗೊತ್ತಿಲ್ಲ. ಹೈಸ್ಕೂಲಿನಲ್ಲಿ ಅಷ್ಟು ಗೆದ್ದವರು ಕಾಲೇಜಿನಲ್ಲಿ ಯಾಕೆ ಅಷ್ಟು ಸೋತರು? ತಿಳಿದವರು ಹೇಳಿ.

ಹೊಳೆನರಸೀಪುರ ಹೈದ

ನಿಮ್ಮ ಭಾವ ಹೇಳಿದ್ದು ಸರಿ ಗುರು. 6-37 ಅಂದರೆ 6-37. ಅದಕ್ಕೆ ಬಣ್ಣ ಹಚ್ಚಿ ಏನು ಪ್ರಯೋಜನ?

ಆಸ್ಟಿನ್ ಅಮ್ಮ

ಏನಪ್ಪಾ, ಒಂದೇ ಲೆಕ್ಕ ಹಿಡಿದುಕೊಂಡು ಮೂವತ್ತು ವರ್ಷದ ಕೆಲಸಕ್ಕೆ ಮಾರ್ಕ್ಸ್ ಕೊಡುತ್ತೀರಾ? 2002ರಿಂದ 2006ರವರೆಗೆ ಕ್ಯಾರಲ್‌ನ ದಾಖಲೆ ನೋಡಿ. 79 ಗೆಲುವು, 1 ಸೋಲು. ಆ ಒಂದು ಸೋಲೂ 2003ರ ಫೈನಲ್‌ನಲ್ಲಿ, ಕೇಟಿ ಶಾಲೆಯ ವಿರುದ್ಧ, 16-15. ಒಂದೇ ಒಂದು ಪಾಯಿಂಟ್. ಅದು ಬಂದಿದ್ದರೆ ಐದಕ್ಕೆ ಐದೂ ಪ್ರಶಸ್ತಿ.

ಮಲೆನಾಡ ಮಾಣಿ

ಶೃಂಗೇರಿ ಕಡೆಯವನು, ಅಮೆರಿಕ ನೋಡಿಲ್ಲ, ಮ್ಯಾಚ್ ಮಾತ್ರ ಯೂಟ್ಯೂಬ್‌ನಲ್ಲಿ ನೋಡುತ್ತೇನೆ. ಕ್ವಾರ್ಟರ್‌ಬ್ಯಾಕ್ ಅಂದರೆ ಕ್ಯಾಪ್ಟನ್ನಾ? ಹೈಸ್ಕೂಲ್ ಆಟಕ್ಕೆ ಇಷ್ಟು ದೊಡ್ಡ ಚರ್ಚೆ ಯಾಕೆ ಮಾರಾಯ್ರೆ?

ಎಂಡ್ ಝೋನ್ ಏಕಾಂಗಿ

ಮಾಣಿ, ಕ್ಯಾಪ್ಟನ್ ಆಗಿರಲೇಬೇಕು ಅಂತಿಲ್ಲ. ವಾಲಿಬಾಲ್‌ನಲ್ಲಿ ಸೆಟ್ಟರ್ ಇರುತ್ತಾನಲ್ವಾ, ಪ್ರತಿ ಚೆಂಡೂ ಅವನ ಕೈ ಮುಟ್ಟಿಯೇ ಹೋಗುತ್ತದೆ, ಹಾಗೆ. ಪ್ರತಿ ಪ್ಲೇ, ಅಂದರೆ ಆಟದ ಒಂದೊಂದು ಸುತ್ತು, ಶುರುವಾದಾಗ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬರುತ್ತದೆ. ಎಸೆಯಬೇಕಾ, ಪಕ್ಕದವನ ಕೈಗೆ ಕೊಡಬೇಕಾ, ತಾನೇ ಓಡಬೇಕಾ ಅನ್ನುವುದನ್ನು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ನೂರು ಕೆಜಿಗೆ ಮೇಲ್ಪಟ್ಟ ನಾಲ್ಕೈದು ಜನ ಮೈಮೇಲೆ ಬೀಳಲು ಬರುತ್ತಿರುತ್ತಾರೆ.

ಇನ್ನು ಹೈಸ್ಕೂಲಿಗೆ ಯಾಕಿಷ್ಟು ಮಹತ್ವ ಅಂದರೆ, ಇದು ಟೆಕ್ಸಸ್. ನಮ್ಮ ಪಕ್ಕದ ಆಲನ್ ಊರಿನವರು 2012ರಲ್ಲಿ 6 ಕೋಟಿ ಡಾಲರ್ ಖರ್ಚು ಮಾಡಿ 18,000 ಜನ ಕೂರುವ ಸ್ಟೇಡಿಯಂ ಕಟ್ಟಿದರು. ಒಂದು ಹೈಸ್ಕೂಲಿಗೆ!

ಹೊಳೆನರಸೀಪುರ ಹೈದ

ಆ ಸ್ಟೇಡಿಯಂ ಕಾಂಕ್ರೀಟು ಬಿರುಕು ಬಿಟ್ಟು 2014ರಲ್ಲಿ ಬಾಗಿಲು ಹಾಕಿದ್ದೂ ಹೇಳಿ. ಅದೇ ದುಡ್ಡಲ್ಲಿ ಎಷ್ಟು ಲ್ಯಾಬ್ ಆಗುತ್ತಿತ್ತು.

ಎಂಡ್ ಝೋನ್ ಏಕಾಂಗಿ

2015ರಲ್ಲಿ ರಿಪೇರಿ ಮಾಡಿ ತೆರೆದರು. ಲ್ಯಾಬ್ ವಿಷಯಕ್ಕೆ ಬೇರೆ ಥ್ರೆಡ್ ಹಾಕಿ, ನಾನೂ ಬರುತ್ತೇನೆ. ಇಲ್ಲಿ ಡಾಡ್ಜ್ ಮಾತಾಡೋಣ.

ಡೆಂಟನ್ ಹಳೇ ವಿದ್ಯಾರ್ಥಿ

ನಾನು ನಾರ್ತ್ ಟೆಕ್ಸಸ್‌ನಲ್ಲಿ ಎಂಎಸ್ ಮಾಡುತ್ತಿದ್ದಾಗ ಡಾಡ್ಜ್ ಅಲ್ಲಿದ್ದರು. ಆಗಿನ ಪರಿಸ್ಥಿತಿ ಹೇಳದೆ 6-37 ಅನ್ನುವುದು ಅನ್ಯಾಯ. ಅವರು ಬರುವುದಕ್ಕೆ ಮುಂಚಿನ ಎರಡು ವರ್ಷ ತಂಡದ ದಾಖಲೆ 2-9, 3-9. ಅಂದರೆ ಬಂಡಿ ಆಗಲೇ ಹಳ್ಳಕ್ಕೆ ಬಿದ್ದಿತ್ತು. ಮೈದಾನ ಹಳೇ ಫೌಟ್ಸ್ ಫೀಲ್ಡ್. ಆಟದ ಜಾಗಕ್ಕೂ ಗ್ಯಾಲರಿಗೂ ಮಧ್ಯೆ ಓಟದ ಟ್ರ್ಯಾಕು, ಕೂತರೆ ಆಟ ಎಲ್ಲೋ ದೂರದಲ್ಲಿ ನಡೆದಂತೆ ಕಾಣುತ್ತಿತ್ತು. ಒಳ್ಳೆ ಹುಡುಗರನ್ನು ಕರೆಸಿ ಅದನ್ನು ತೋರಿಸಿದರೆ ಯಾರು ಸೇರುತ್ತಾರೆ? ಹೊಸ ಸ್ಟೇಡಿಯಂ ಬಂದದ್ದು 2011ರಲ್ಲಿ, ಅವರನ್ನು ತೆಗೆದ ಮರುವರ್ಷ.

ಅವರ ಮೊದಲ ಮ್ಯಾಚೇ ಒಕ್ಲಹೋಮಾ ವಿರುದ್ಧ. 79-10ಕ್ಕೆ ಸೋತರು. ಅದೇ ವರ್ಷ ನವೆಂಬರ್‌ನಲ್ಲಿ ನೇವಿ ತಂಡದ ಜೊತೆ ಆಡಿದ್ದು 74-62. ನಮ್ಮವರು 62 ಹೊಡೆದೂ ಸೋತರು! ಇದರಲ್ಲೇ ಉತ್ತರ ಇದೆ ನೋಡಿ. ಎಸೆಯುವ ಆಟ ಅವರಿಗೆ ಕರಗತ, ಅದು ಕಾಲೇಜಿನಲ್ಲೂ ನಡೆಯಿತು. ತಡೆಯಲು ಬೇಕಾದ ಗಾತ್ರದ, ವೇಗದ ಹುಡುಗರು ಸಿಗಲಿಲ್ಲ.

ಕಾವೇರಿ ತೀರದವಳು

ಸುಮ್ನೆ ಮೈದಾನದ ಮೇಲೆ ಗೂಬೆ ಕೂರಿಸಬೇಡಿ. ಅದೇ ಫೌಟ್ಸ್ ಫೀಲ್ಡ್ ಇಟ್ಟುಕೊಂಡೇ ಹಿಂದಿನ ಕೋಚ್ 2001ರಿಂದ 2004ರವರೆಗೆ ಸತತ ನಾಲ್ಕು ಸಲ ಸನ್ ಬೆಲ್ಟ್ ಲೀಗ್ ಗೆದ್ದಿದ್ದರು. ಡಾಡ್ಜ್ ಜೊತೆಗೆ ಕರೆತಂದವರಲ್ಲಿ ಹಲವರು ಹೈಸ್ಕೂಲ್ ಕೋಚ್‌ಗಳೇ. ಕಾಲೇಜಿನಲ್ಲಿ ಅರ್ಧ ಕೆಲಸ ರಿಕ್ರೂಟಿಂಗ್. ಊರೂರು ಅಲೆದು, ಹದಿನೇಳು ವರ್ಷದ ಹುಡುಗನ ಅಪ್ಪ ಅಮ್ಮನ ಮುಂದೆ ಕೂತು, ನಿಮ್ಮ ಮಗನನ್ನು ನಮ್ಮಲ್ಲಿಗೆ ಕಳಿಸಿ ಅಂತ ಒಪ್ಪಿಸಬೇಕು. ಅದು ಬೇರೆಯೇ ವಿದ್ಯೆ.

ಡೆಂಟನ್ ಹಳೇ ವಿದ್ಯಾರ್ಥಿ

ಅಕ್ಕಾ, ನಾಲ್ಕು ಪ್ರಶಸ್ತಿ ವಿಷಯ ನಿಜ. ಆದರೆ ಆ ತಂಡ 2005ರ ಹೊತ್ತಿಗೇ ಕುಸಿದಿತ್ತು, ಅದನ್ನೇ ನಾನು ಹೇಳಿದ್ದು. ರಿಕ್ರೂಟಿಂಗ್ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ.

ಬಯಲುಸೀಮೆ ಕೋಚ್

ಇಲ್ಲಿ ಮಿಡ್ಲ್ ಸ್ಕೂಲಿನಲ್ಲಿ ಪಾಠ ಮಾಡಿಕೊಂಡು ಏಳನೇ ಕ್ಲಾಸಿನ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಚಿತ್ರದುರ್ಗದವನು. ಕೊಪ್ಪೆಲ್ ಅವರ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಉತ್ತರ ಬರೆಯುತ್ತೇನೆ, ಸಹಿಸಿಕೊಳ್ಳಿ.

ಡಾಡ್ಜ್ ಗೆದ್ದದ್ದು ಹೈಸ್ಕೂಲ್ ಮ್ಯಾಚ್ ನಡೆಯುವ ಶುಕ್ರವಾರ ರಾತ್ರಿ ಅಲ್ಲ. ಏಳನೇ ಕ್ಲಾಸಿನಲ್ಲಿ. ಕ್ಯಾರಲ್‌ನಲ್ಲಿ ಅವರು ಏನು ಮಾಡಿದರು ಅಂದರೆ, ಹೈಸ್ಕೂಲ್ ತಂಡ ಆಡುವ ಆಟವನ್ನೇ ಕೆಳಗಿನ ಮಿಡ್ಲ್ ಸ್ಕೂಲುಗಳಲ್ಲೂ ಆಡಿಸಿದರು. ಅದೇ ಪ್ಲೇಗಳು, ಅವೇ ಹೆಸರುಗಳು, ಅವೇ ಕೈಸನ್ನೆಗಳು. ಹನ್ನೆರಡು ವರ್ಷಕ್ಕೆ ಕಲಿತ ಹುಡುಗ ಹದಿನಾರಕ್ಕೆ ದೊಡ್ಡ ತಂಡಕ್ಕೆ ಬಂದಾಗ ಅವನಿಗೆ ಹೊಸದಾಗಿ ಕಲಿಯಲು ಬಹಳ ಉಳಿದಿರುವುದಿಲ್ಲ. ಆಗ ಬಹುತೇಕ ತಂಡಗಳು ಪ್ರತಿ ಪ್ಲೇ ಮುಗಿದ ಮೇಲೆ ಗುಂಪು ಕಟ್ಟಿ ನಿಂತು ಮಾತಾಡಿಕೊಂಡು ಮುಂದಿನದಕ್ಕೆ ಹೋಗುತ್ತಿದ್ದವು. ಇವರ ಹುಡುಗರು ಗುಂಪೇ ಕಟ್ಟುತ್ತಿರಲಿಲ್ಲ. ಸೈಡ್‌ಲೈನ್ ಕಡೆ ತಿರುಗಿ ಸನ್ನೆ ನೋಡುವುದು, ನಿಲ್ಲುವುದು, ಆಡುವುದು. ಎದುರಿನವರಿಗೆ ಉಸಿರು ಬಿಡಲು ಪುರುಸೊತ್ತಿಲ್ಲ. ನಾಲ್ಕು ಜನ ರಿಸೀವರ್‌ಗಳು, ಅಂದರೆ ಎಸೆದ ಚೆಂಡು ಹಿಡಿಯುವವರು, ಮೈದಾನದ ಅಗಲಕ್ಕೂ ಹರಡಿ ನಿಂತರೆ ಡಿಫೆನ್ಸ್ ಕೂಡ ಹರಡಲೇಬೇಕು, ಮಧ್ಯೆ ಜಾಗ ಬಿಡುತ್ತದೆ. ಕ್ವಾರ್ಟರ್‌ಬ್ಯಾಕ್ ಒಬ್ಬ ಡಿಫೆಂಡರ್‌ನನ್ನು ಮಾತ್ರ ನೋಡುತ್ತಾನೆ. ಅವನು ಈ ಕಡೆ ಬಂದರೆ ಚೆಂಡು ಆ ಕಡೆ.

ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಕೋಚ್ ಆದರೆ ಕಾಣುವ ವ್ಯತ್ಯಾಸ ಕೈಯಲ್ಲಿ ಅಲ್ಲ, ಕಾಲಲ್ಲಿ. ಹುಡುಗ ಚೆಂಡು ಎಸೆಯುವಾಗ ಅಪ್ಪಂದಿರು ಚೆಂಡು ಎಲ್ಲಿ ಬಿತ್ತು ಅಂತ ನೋಡುತ್ತಾರೆ. ಆಡಿ ಬಂದ ಕೋಚ್ ಹುಡುಗನ ಮುಂದಿನ ಪಾದ ನೋಡುತ್ತಾನೆ. ಪಾದದ ತುದಿ ರಿಸೀವರ್ ಕಡೆಗಿಂತ ಸ್ವಲ್ಪ ಒಳಗೆ ತಿರುಗಿದ್ದರೆ ಸೊಂಟ ತೆರೆಯುವುದಿಲ್ಲ, ಚೆಂಡು ಹಿಂದೆ ಬೀಳುತ್ತದೆ. ಅದನ್ನು ಹನ್ನೆರಡನೇ ವಯಸ್ಸಿಗೆ ತಿದ್ದಿದರೆ ತಿದ್ದಿದ ಹಾಗೆ. ಕಾಲೇಜಿಗೆ ಬರುವ ಹೊತ್ತಿಗೆ ಅದು ಅಭ್ಯಾಸ ಆಗಿಬಿಟ್ಟಿರುತ್ತದೆ.

ಈಗ ನೀವೇ ಹೇಳಿ, ಈ ವಿದ್ಯೆಯನ್ನು ಕಾಲೇಜಿನಲ್ಲಿ ಎಲ್ಲಿ ಬಳಸುವುದು? ಅಲ್ಲಿ ಏಳನೇ ಕ್ಲಾಸೇ ಇಲ್ಲ.

ಕೊಪ್ಪೆಲ್ ಕನ್ನಡಿಗ

ಇದು ಉತ್ತರ! ಭಾವನಿಗೆ ಕಳಿಸಿದೆ.

ಹೊಳೆನರಸೀಪುರ ಹೈದ

ಕೋಚ್ ಸಾರ್, ನೀವು ಹೇಳಿದ್ದು ಚೆನ್ನಾಗಿದೆ. ಆದರೆ ದುಡ್ಡಿನ ವಿಷಯ ಯಾಕೆ ಯಾರೂ ಎತ್ತುತ್ತಿಲ್ಲ? ಸೌತ್‌ಲೇಕ್ ಎಂಥ ಶ್ರೀಮಂತರ ಊರು ಅಂತ ಎಲ್ಲರಿಗೂ ಗೊತ್ತು. ವೆಸ್ಟ್‌ಲೇಕ್ ಅಂತೂ ಆಸ್ಟಿನ್‌ನ ಅತಿ ದುಬಾರಿ ಏರಿಯಾ. ಮನೆಮನೆಯಲ್ಲಿ ಖಾಸಗಿ ಕ್ವಾರ್ಟರ್‌ಬ್ಯಾಕ್ ಟ್ರೇನರ್. ಮಧ್ಯೆ ಎರಡು ವರ್ಷ, 2012 ಮತ್ತು 2013, ಮಾರ್ಬಲ್ ಫಾಲ್ಸ್ ಅನ್ನುವ ಸಣ್ಣ ಊರಲ್ಲಿದ್ದರಲ್ಲ, ಅಲ್ಲಿ ರಾಜ್ಯ ಪ್ರಶಸ್ತಿಯ ಹತ್ತಿರಕ್ಕೂ ಹೋಗಲಿಲ್ಲ. ಅದೇ ಕೋಚ್, ಅದೇ ಪ್ಲೇಗಳು. ಇದಕ್ಕೇನು ಹೇಳುತ್ತೀರಿ?

ಆಸ್ಟಿನ್ ಅಮ್ಮ

ನಾವು ಇರುವುದು ವೆಸ್ಟ್‌ಲೇಕ್ ಪಕ್ಕದಲ್ಲೇ. ದುಡ್ಡಿದೆ, ಇಲ್ಲ ಅನ್ನುವುದಿಲ್ಲ. ಆದರೆ ದುಡ್ಡು ಡಾಡ್ಜ್ ಬರುವ ಮುಂಚೆಯೂ ಇತ್ತು. 2014ರಲ್ಲಿ ಬಂದರು, 2015ರಲ್ಲಿ ಫೈನಲ್ ಮುಟ್ಟಿ ನಾರ್ತ್ ಶೋರ್ ವಿರುದ್ಧ ಓವರ್‌ಟೈಮ್‌ನಲ್ಲಿ 21-14ಕ್ಕೆ ಸೋತರು. ಆಮೇಲೆ ನಾಲ್ಕು ವರ್ಷ ಕಾದು 2019ರಲ್ಲಿ ಡೆಂಟನ್ ಗೈಯರ್ ತಂಡವನ್ನು 24-0 ಹೊಡೆದರು. ಎಸೆಯುವ ಆಟದ ಕೋಚ್ ಅಂತ ಹೆಸರಾದವರ ತಂಡ ಫೈನಲ್‌ನಲ್ಲಿ ಎದುರಾಳಿಗೆ ಒಂದು ಪಾಯಿಂಟೂ ಬಿಡಲಿಲ್ಲ! ನಾರ್ತ್ ಟೆಕ್ಸಸ್‌ನಲ್ಲಿ ಡಿಫೆನ್ಸ್ ಇರಲಿಲ್ಲ ಅಂದವರು ಇದನ್ನೂ ನೋಡಬೇಕು. ಮನುಷ್ಯ ಕಲಿತಿದ್ದಾರೆ.

ಬಯಲುಸೀಮೆ ಕೋಚ್

ಹೈದ ಅವರೇ, ದುಡ್ಡಿನ ಮಾತು ಸರಿಯೇ. ಊರಿನ ಬೆಂಬಲ ಇಲ್ಲದೆ ಯಾವ ಕೋಚೂ ಗೆಲ್ಲುವುದಿಲ್ಲ. ಮಾರ್ಬಲ್ ಫಾಲ್ಸ್‌ನಲ್ಲಿ ಇದ್ದದ್ದು ಎರಡೇ ವರ್ಷ, ಏಳನೇ ಕ್ಲಾಸಿನಿಂದ ಬೆಳೆಸಲು ಅದು ಸಾಲದು. ಆದರೆ ಟೆಕ್ಸಸ್‌ನಲ್ಲಿ ದುಡ್ಡಿರುವ ಸಬರ್ಬ್‌ಗಳು ಎಷ್ಟಿವೆ ಎಣಿಸಿ ನೋಡಿ. ಎಲ್ಲವೂ ಗೆಲ್ಲುತ್ತಿಲ್ಲವಲ್ಲ?

ಕಾವೇರಿ ತೀರದವಳು

ಅಪ್ಪ ಮಗ ಎದುರುಬದುರಾದ ಫೈನಲ್ ಬಗ್ಗೆ ಯಾರೂ ಬರೆದಿಲ್ಲವಲ್ಲ!

ಎಂಡ್ ಝೋನ್ ಏಕಾಂಗಿ

ನಾನು ಬರೆಯುತ್ತೇನೆ. ಅದು ನನ್ನ ಅಚ್ಚುಮೆಚ್ಚಿನ ಮ್ಯಾಚ್. 2020ರ ಸೀಸನ್, ಕೋವಿಡ್ ಕಾರಣಕ್ಕೆ ದೊಡ್ಡ ಶಾಲೆಗಳ ಫೈನಲ್ ಡಿಸೆಂಬರ್ ಬಿಟ್ಟು 2021ರ ಜನವರಿಗೆ ಹೋಯಿತು. ಆರ್ಲಿಂಗ್ಟನ್‌ನ ಎಟಿ ಆ್ಯಂಡ್ ಟಿ ಸ್ಟೇಡಿಯಂ, ಡಲ್ಲಾಸ್‌ನ ವೃತ್ತಿಪರ ತಂಡ ಕೌಬಾಯ್ಸ್ ಆಡುವ ಜಾಗ. ಒಂದು ಕಡೆ ಅಪ್ಪ ಟಾಡ್ ಡಾಡ್ಜ್‌ರ ವೆಸ್ಟ್‌ಲೇಕ್. ಇನ್ನೊಂದು ಕಡೆ ಮಗ ರೈಲಿ ಡಾಡ್ಜ್ ಕೋಚ್ ಆಗಿರುವ ಸೌತ್‌ಲೇಕ್ ಕ್ಯಾರಲ್, ಅಂದರೆ ಅಪ್ಪನೇ ಕಟ್ಟಿ ಬೆಳೆಸಿದ ತಂಡ. ಅಪ್ಪ ಗೆದ್ದರು, 52-34.

ರೈಲಿ ಬೇರೆ ಯಾರೋ ಅಲ್ಲ, 2006ರಲ್ಲಿ ಅಪ್ಪನ ಕೈಕೆಳಗೆ ಕ್ಯಾರಲ್‌ನ ಕ್ವಾರ್ಟರ್‌ಬ್ಯಾಕ್ ಆಗಿ ಪ್ರಶಸ್ತಿ ಗೆದ್ದವನು. ಆ ಫೈನಲ್‌ನಲ್ಲಿ ಎದುರಾಳಿ ಯಾರು ಗೊತ್ತಾ? ಇದೇ ವೆಸ್ಟ್‌ಲೇಕ್!

ಕ್ವಾರ್ಟರ್‌ಬ್ಯಾಕ್‌ಗಳೂ ಸಾಮಾನ್ಯರಲ್ಲ. ವೆಸ್ಟ್‌ಲೇಕ್‌ಗೆ ಕೇಡ್ ಕ್ಲಬ್ನಿಕ್, ಕ್ಯಾರಲ್‌ಗೆ ಕ್ವಿನ್ ಯುವರ್ಸ್. ಮುಂದೆ 2024ರ ಡಿಸೆಂಬರ್‌ನಲ್ಲಿ ಇದೇ ಇಬ್ಬರು ಕಾಲೇಜ್ ಪ್ಲೇಆಫ್‌ನಲ್ಲಿ (ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್) ಎದುರಾದರು, ಕ್ಲಬ್ನಿಕ್ ಕ್ಲೆಮ್ಸನ್‌ಗೆ, ಯುವರ್ಸ್ ಟೆಕ್ಸಸ್‌ಗೆ. ಅಲ್ಲಿ ಯುವರ್ಸ್ ಗೆದ್ದ, 38-24.

ಮಲೆನಾಡ ಮಾಣಿ

ಅಬ್ಬಾ! ಮಗನ ಮೇಲೆ 52 ಪಾಯಿಂಟಾ! ಅವರಮ್ಮ ಯಾವ ಕಡೆ ಕೂತಿದ್ದರೋ ಪಾಪ.

ಹೊಳೆನರಸೀಪುರ ಹೈದ

ಈ ಯುವರ್ಸ್ ಹುಡುಗ ಹೈಸ್ಕೂಲಿನ ಕೊನೇ ವರ್ಷ ಬಿಟ್ಟು ಒಹಾಯೋ ಸ್ಟೇಟ್‌ಗೆ ಹೋದನಲ್ಲ, ದುಡ್ಡಿಗೋಸ್ಕರ. ಇದೇನಾ ನೀವು ಹೊಗಳುವ ಹೈಸ್ಕೂಲ್ ಫುಟ್‌ಬಾಲ್?

ಕಾವೇರಿ ತೀರದವಳು

ಅದರಲ್ಲಿ ತಪ್ಪೇನು? ಟೆಕ್ಸಸ್‌ನಲ್ಲಿ ಹೈಸ್ಕೂಲ್ ಹುಡುಗರು ತಮ್ಮ ಹೆಸರಿನಿಂದ ಜಾಹೀರಾತು ದುಡ್ಡು ತಗೋಬಾರದು ಅಂತ ನಿಯಮ. ಕಾಲೇಜಿನಲ್ಲಿ 2021ರ ಜುಲೈಯಿಂದ ತಗೋಬಹುದು. ಟಿಕೆಟ್ ದುಡ್ಡು, ಟಿವಿ ದುಡ್ಡು ಎಲ್ಲರೂ ಎಣಿಸಿಕೊಳ್ಳುವಾಗ ಆಡುವ ಹುಡುಗ ಮಾತ್ರ ಯಾಕೆ ಬರಿಗೈಯಲ್ಲಿ ಇರಬೇಕು?

ಬಯಲುಸೀಮೆ ಕೋಚ್

ನಾನು ಮೇಡಂ ಪರ.

ದಾವಣಗೆರೆ ಡಾಕ್ಟರ್

ತಡವಾಗಿ ಬಂದೆ. ನಾವು ಇಲ್ಲಿ ಸಂಬಳದ ವಿಷಯವನ್ನೂ ನೋಡಬೇಕು. ದೊಡ್ಡ ಶಾಲೆಗಳ ಹೆಡ್ ಕೋಚ್ ಸಂಬಳ ವರ್ಷಕ್ಕೆ ಲಕ್ಷ ಡಾಲರ್ ದಾಟುತ್ತದೆ. ಪಕ್ಕದ ಕ್ಲಾಸಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವ ಟೀಚರ್‌ಗೆ ಅಷ್ಟಿಲ್ಲ. ಇದು ನನಗೆ ಬೇಸರದ ವಿಷಯ.

ಬಯಲುಸೀಮೆ ಕೋಚ್

ಡಾಕ್ಟ್ರೇ, ಹೆಡ್ ಕೋಚ್ ಒಬ್ಬರನ್ನು ನೋಡಿ ಹೇಳಬೇಡಿ. ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕೋಚ್ ಆಗಬೇಕಾದರೆ ಆ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಪೂರ್ಣಾವಧಿ ನೌಕರನಾಗಿರಬೇಕು. ಬಹುಪಾಲು ಸಹಾಯಕ ಕೋಚ್‌ಗಳು ಟೀಚರ್‌ಗಳೇ. ಬೆಳಗ್ಗೆ ಕತ್ತಲಿದ್ದಾಗಲೇ ಮೈದಾನ, ಆಮೇಲೆ ಪಾಠ, ಸಂಜೆ ಮತ್ತೆ ಮೈದಾನ, ಶನಿವಾರ ವಿಡಿಯೋ ನೋಡುವುದು. ಅದಕ್ಕೆ ಸಂಬಳದ ಮೇಲೆ ಸಿಗುವ ಭತ್ಯೆ ಲೆಕ್ಕ ಹಾಕಿದರೆ ಗಂಟೆಗೆ ಏನೂ ಇಲ್ಲ. ಆದರೂ ಬಿಡಲು ಮನಸ್ಸಿಲ್ಲ. ಏಳನೇ ಕ್ಲಾಸಿನಲ್ಲಿ ಚೆಂಡು ಹಿಡಿಯಲು ಬಾರದ ಹುಡುಗ ಹನ್ನೊಂದನೇ ಕ್ಲಾಸಿನಲ್ಲಿ ಟಚ್‌ಡೌನ್ ಹೊಡೆದರೆ, ಅಂದರೆ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿದರೆ, ಆಗುವ ಖುಷಿ ಇದೆಯಲ್ಲ, ಅದಕ್ಕೆ.

ಗಾಂಧಿಬಜಾರ್ ಗಿರಾಕಿ

ಇವರೊಬ್ಬರೇ ಅಲ್ಲ, ಕ್ವಾರ್ಟರ್‌ಬ್ಯಾಕ್ ಆಗಿದ್ದು ಹೈಸ್ಕೂಲ್ ಕೋಚ್ ಆದವರು ಇನ್ನೂ ಇದ್ದಾರೆ. ಜಾನ್ ಕಿಟ್ನಾ, ಸೆಂಟ್ರಲ್ ವಾಷಿಂಗ್ಟನ್‌ಗೆ ಆಡಿ, ಎನ್‌ಎಫ್‌ಎಲ್ ಅನ್ನುವ ವೃತ್ತಿಪರ ಲೀಗಿನಲ್ಲಿ ವರ್ಷಗಟ್ಟಲೆ ಕ್ವಾರ್ಟರ್‌ಬ್ಯಾಕ್ ಆಗಿದ್ದು, 2012ರಲ್ಲಿ ತಾನೇ ಓದಿದ ಟಕೋಮಾದ ಲಿಂಕನ್ ಹೈಸ್ಕೂಲಿಗೆ ಮೇಷ್ಟ್ರಾಗಿ, ಕೋಚ್ ಆಗಿ ಹೋದರು. ಫಿಲಿಪ್ ರಿವರ್ಸ್ ಅಲಬಾಮಾದ ಫೇರ್‌ಹೋಪ್‌ನಲ್ಲಿ. ಟ್ರೆಂಟ್ ಡಿಲ್ಫರ್ ನ್ಯಾಶ್‌ವಿಲ್‌ನ ಲಿಪ್ಸ್‌ಕಂಬ್ ಅಕಾಡೆಮಿಯಲ್ಲಿ 2021, 2022 ಎರಡು ರಾಜ್ಯ ಪ್ರಶಸ್ತಿ ಗೆದ್ದು ಅಲಬಾಮಾದ ಯುಎಬಿ ಕಾಲೇಜಿಗೆ ಹೋದರು, ಅಲ್ಲಿಂದ 2025ರಲ್ಲಿ ತೆಗೆದರು. ಡಾಡ್ಜ್ ಕಥೆಯೇ ಮತ್ತೊಮ್ಮೆ.

ಕಾವೇರಿ ತೀರದವಳು

ಎಲ್ಲರ ಕಥೆಯೂ ಹಾಗೇ ಅಲ್ಲ. ಜೆಫ್ ಟ್ರೇಲರ್ ಇದ್ದಾರಲ್ಲ, ಗಿಲ್ಮರ್ ಅನ್ನುವ ಸಣ್ಣ ಊರಿನ ಹೈಸ್ಕೂಲಿನಲ್ಲಿ 3 ಸಲ ರಾಜ್ಯ ಪ್ರಶಸ್ತಿ. ಆಮೇಲೆ ಕಾಲೇಜುಗಳಲ್ಲಿ ಕೆಲವು ವರ್ಷ ಸಹಾಯಕ ಕೋಚ್. ಅದಾದ ಮೇಲೆ ಸ್ಯಾನ್ ಆಂಟೋನಿಯೋದ ಯುಟಿಎಸ್ಎ ಯೂನಿವರ್ಸಿಟಿಗೆ ಹೆಡ್ ಕೋಚ್ ಆಗಿ 2021, 2022 ಎರಡು ಸಲ ಲೀಗ್ ಗೆದ್ದರು. ಹೈಸ್ಕೂಲಿನಿಂದ ಒಂದೇ ನೆಗೆತಕ್ಕೆ ಹೆಡ್ ಕೋಚ್ ಆಗಲಿಲ್ಲ ನೋಡಿ. ನನ್ನ ಪ್ರಕಾರ ನಾರ್ತ್ ಟೆಕ್ಸಸ್‌ನವರು ಎಡವಿದ್ದು ಅಲ್ಲಿ.

ಡೆಂಟನ್ ಹಳೇ ವಿದ್ಯಾರ್ಥಿ

ಡಾಡ್ಜ್ ಕೂಡ 90ರ ದಶಕದಲ್ಲಿ ನಾರ್ತ್ ಟೆಕ್ಸಸ್‌ನಲ್ಲೇ ಸಹಾಯಕ ಕೋಚ್ ಆಗಿದ್ದರು. ಆದರೆ ಅದಾದ ಮೇಲೆ ಬಹಳ ವರ್ಷ ಕಾಲೇಜು ಬಿಟ್ಟಿದ್ದರು, ಅದಕ್ಕೇ ನಿಮ್ಮ ಮಾತು ಒಪ್ಪುವಂಥದ್ದೇ.

ಹೊಳೆನರಸೀಪುರ ಹೈದ

ಆಯ್ತು, ಕೋಚ್ ಆಗಿ ಬಿಡಿ. ಆಟಗಾರನಾಗಿ? ಟೆಕ್ಸಸ್ ಯೂನಿವರ್ಸಿಟಿಯಲ್ಲಿ ಏನು ಮಹಾ ಮಾಡಿದರು?

ಎಂಡ್ ಝೋನ್ ಏಕಾಂಗಿ

1984ರಲ್ಲಿ ಟೆಕ್ಸಸ್ ದೇಶಕ್ಕೇ ನಂಬರ್ ಒನ್ ಆಗಿದ್ದಾಗ ಕ್ವಾರ್ಟರ್‌ಬ್ಯಾಕ್ ಅವರೇ. ಒಕ್ಲಹೋಮಾ ಜೊತೆ ಮಳೆಯಲ್ಲಿ 15-15 ಟೈ ಆದ ಮ್ಯಾಚ್ ಇವತ್ತಿಗೂ ಹಳಬರು ನೆನೆಸಿಕೊಳ್ಳುತ್ತಾರೆ. ಆದರೆ ಆಗಿನ ಟೆಕ್ಸಸ್ ಓಡುವ ಆಟ ಆಡುತ್ತಿತ್ತು. ಹೈಸ್ಕೂಲಿನಲ್ಲಿ 3,000 ಯಾರ್ಡ್ ಎಸೆದ ಹುಡುಗನಿಗೆ ಅಲ್ಲಿ ಎಸೆಯಲು ಅವಕಾಶ ಸಿಕ್ಕಿದ್ದು ಕಡಿಮೆ. ಎಸೆಯುವ ಆಟವನ್ನೇ ಆಡಿಸುತ್ತೇನೆ ಅನ್ನುವ ಹಟ ಅಲ್ಲಿಂದಲೇ ಬಂದಿರಬೇಕು ಅಂತ ನನ್ನ ಅಂದಾಜು.

ಗಾಂಧಿಬಜಾರ್ ಗಿರಾಕಿ

ಪೋರ್ಟ್ ಆರ್ಥರ್ ಎಣ್ಣೆ ಸಂಸ್ಕರಣಾ ಘಟಕಗಳ ಊರು. ಅದೇ ಶಾಲೆಯಲ್ಲಿ ಓದಿದವರು ಯಾರು ಗೊತ್ತಾ? ಗಾಯಕಿ ಜ್ಯಾನಿಸ್ ಜಾಪ್ಲಿನ್, ಹಿಂದೆ ಕೌಬಾಯ್ಸ್ ಕೋಚ್ ಆಗಿದ್ದ ಜಿಮ್ಮಿ ಜಾನ್ಸನ್.

ಮಲೆನಾಡ ಮಾಣಿ

ಒಂದೇ ಶಾಲೆಯಿಂದ! ನೀರಿನಲ್ಲೇ ಏನೋ ಇದೆ ಅಲ್ವಾ.

ಪ್ಲೇನೋ ಪಮ್ಮಿ

ಎಲ್ಲ ಓದಿದೆ, ತುಂಬಾ ಚೆನ್ನಾಗಿದೆ. ನನ್ನದೊಂದು ಬೇರೆ ಪ್ರಶ್ನೆ. ಮಗ ಈ ವರ್ಷ ಏಳನೇ ಕ್ಲಾಸು, ಫುಟ್‌ಬಾಲ್‌ಗೆ ಸೇರುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅಜ್ಜಿ ತಾತ ಫೋನ್ ಮಾಡಿದಾಗಲೆಲ್ಲ ಬೇಡವೇ ಬೇಡ ಅನ್ನುತ್ತಾರೆ. ತಲೆಗೆ ಏಟು ಬಿದ್ದರೆ ಅನ್ನುವ ಭಯ ನನಗೂ ಇದೆ. ಏನು ಮಾಡಲಿ?

ಹೊಳೆನರಸೀಪುರ ಹೈದ

ಬೇಡಮ್ಮ. ಟೆನಿಸ್ ಆಡಿಸಿ.

ದಾವಣಗೆರೆ ಡಾಕ್ಟರ್

ಭಯ ಸಹಜ, ಅದನ್ನು ತಳ್ಳಿಹಾಕಬೇಡಿ. ಟೆಕ್ಸಸ್‌ನಲ್ಲಿ 2011ರಿಂದ ಕಾನೂನು ಇದೆ. ತಲೆಗೆ ಪೆಟ್ಟಾಗಿದೆ ಅನ್ನುವ ಅನುಮಾನ ಬಂದರೂ ಸಾಕು, ಹುಡುಗನನ್ನು ಆಟದಿಂದ ಹೊರಗೆ ಕರೆಯಬೇಕು, ಅವತ್ತು ಮತ್ತೆ ಆಡಿಸುವ ಹಾಗಿಲ್ಲ. ವೈದ್ಯರು ಬರೆದು ಕೊಟ್ಟ ಮೇಲೇ ವಾಪಸ್. ಆದರೆ ಹುಡುಗರು ತಲೆನೋವು ಮುಚ್ಚಿಡುತ್ತಾರೆ, ತಂಡದಿಂದ ತೆಗೆದುಬಿಡುತ್ತಾರೆ ಅಂತ. ಅದಕ್ಕೇ ಮನೆಯಲ್ಲಿ ಮೊದಲೇ ಹೇಳಿಡಿ, ತಲೆ ನೋಯುತ್ತಿದೆ ಅಂದರೆ ಯಾರೂ ಬೈಯುವುದಿಲ್ಲ ಅಂತ. ಬೆಳಕು ನೋಡಲು ಆಗದಿರುವುದು, ವಾಂತಿ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಬಯಲುಸೀಮೆ ಕೋಚ್

ಪಮ್ಮಿ ಅವರೇ, ಸೇರಿಸುವ ಮುಂಚೆ ಒಂದು ಸಂಜೆ ಪ್ರ್ಯಾಕ್ಟೀಸ್ ನೋಡಲು ಹೋಗಿ. ಕೋಚ್ ಹುಡುಗರಿಗೆ ಟ್ಯಾಕಲ್ (ಎದುರಾಳಿಯನ್ನು ಹಿಡಿದು ಕೆಡವುವುದು) ಹೇಳಿಕೊಡುವಾಗ ತಲೆ ಎಲ್ಲಿಡಬೇಕು ಅಂತ ಹೇಳುತ್ತಾರಾ, ಪ್ರತಿಯೊಬ್ಬನನ್ನೂ ನಿಲ್ಲಿಸಿ ತಿದ್ದುತ್ತಾರಾ ಅಂತ ಗಮನಿಸಿ. ತಲೆ ತಗ್ಗಿಸಿ ನುಗ್ಗುವ ಹುಡುಗನನ್ನು ನೋಡಿಯೂ ಸುಮ್ಮನಿರುವ ಕೋಚ್ ಆದರೆ ಸೇರಿಸಬೇಡಿ. ಹೆಲ್ಮೆಟ್ ಗಲ್ಲದ ಪಟ್ಟಿ ಬಿಗಿ ಇದೆಯಾ ಅಂತ ಮಕ್ಕಳನ್ನು ಕೇಳಬೇಡಿ, ನೀವೇ ಕೈಯಿಂದ ಎಳೆದು ನೋಡಿ.

ಆಸ್ಟಿನ್ ಅಮ್ಮ

ಒಳ್ಳೆ ಮಾತು ಹೇಳಿದಿರಿ ಕೋಚ್.

ಅಂದ ಹಾಗೆ, ಡಾಡ್ಜ್ ವಿಷಯ ಪೂರ್ತಿ ಮಾಡಿಬಿಡೋಣ. 2021ರ ಸೀಸನ್ ಮುಗಿಸಿ, ಸತತ 40 ಗೆಲುವಿನ ಮೇಲೆ ನಿಂತಿದ್ದಾಗ ನಿವೃತ್ತಿ ತಗೊಂಡರು. 2024ರಲ್ಲಿ ಮತ್ತೆ ಬಂದರು, ಡಲ್ಲಾಸ್‌ನ ಉತ್ತರಕ್ಕಿರುವ ಲವ್‌ಜಾಯ್ ಹೈಸ್ಕೂಲಿಗೆ. ಅರವತ್ತು ದಾಟಿತ್ತು ಆಗ. ಯಾರೂ ಬಲವಂತ ಮಾಡಿರಲಿಲ್ಲ. ಕಾಲೇಜಿನಲ್ಲಿ ಆಗದವರು ಸ್ಕೂಲಿಗೆ ಬಂದರು ಅನ್ನುವ ಭಾವನಿಗೆ ಇದನ್ನು ತೋರಿಸಿ.

ಕೊಪ್ಪೆಲ್ ಕನ್ನಡಿಗ

ಭಾವ ಓದಿದರಂತೆ. ಏಳನೇ ಕ್ಲಾಸಿನ ಮಾತು ಒಪ್ಪಿದರು, ದುಡ್ಡಿನ ವಿಷಯದಲ್ಲಿ ಹೈದ ಅವರ ಪರ. ಮುಂದಿನ ಸೀಸನ್‌ನಲ್ಲಿ ಒಂದು ಲವ್‌ಜಾಯ್ ಮ್ಯಾಚಿಗೆ ಕರೆದುಕೊಂಡು ಹೋಗು ಅಂತಿದ್ದಾರೆ. ಬರುವವರು ಇದ್ದರೆ ಹೇಳಿ, ಒಟ್ಟಿಗೆ ಟಿಕೆಟ್ ಮಾಡಿಸೋಣ.

ಹೊಳೆನರಸೀಪುರ ಹೈದ

ನನಗೊಂದು ಇರಲಿ. ವಾದ ಅಲ್ಲೇ ಮುಂದುವರಿಸೋಣ.

ಪ್ಲೇನೋ ಪಮ್ಮಿ

ನಮ್ಮ ಮನೆಗೆ ಮೂರು. ಕೋಚ್ ಸರ್, ಶಾಲೆಯವರು ಮೆಡಿಕಲ್ ಫಾರ್ಮ್ ಕೇಳುತ್ತಿದ್ದಾರೆ, ಅದನ್ನು ನಮ್ಮ ಮಾಮೂಲಿ ಮಕ್ಕಳ ಡಾಕ್ಟರ್ ಹತ್ತಿರ ಮಾಡಿಸಬಹುದಾ?

ಬಯಲುಸೀಮೆ ಕೋಚ್

ಮಾಡಿಸಬಹುದು. ಫಾರ್ಮಿನ ಮೊದಲ ಭಾಗ ನೀವೇ ತುಂಬಬೇಕು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಇತ್ತಾ ಅಂತ ಒಂದು ಪ್ರಶ್ನೆ ಇದೆ, ಅದನ್ನು ಅಜ್ಜಿ ತಾತನ ಹತ್ತಿರ ಕೇಳಿಕೊಂಡೇ ಬರೆಯಿರಿ. ಶಾಲೆ ಶುರುವಾಗುವ ಮುಂಚೆ ಕೊಟ್ಟುಬಿಡಿ, ಅದು ಇಲ್ಲದೆ ಹೆಲ್ಮೆಟ್ ಕೊಡುವುದಿಲ್ಲ.